20 ಎಮ್ಮಿ ಬಂದರೂ ‘ಬೋರ್ಡ್‌ವಾಕ್ ಎಂಪೈರ್’ ಯಾಕೆ ಹಿಂದೆ ಉಳಿಯಿತು?

ಪ್ರಶ್ನೆ: ‘ಬೋರ್ಡ್‌ವಾಕ್ ಎಂಪೈರ್’ ಸರಣಿಗೆ ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿಯಾದ ಎಮ್ಮಿ 20 ಬಂದಿದೆ. ವಿಮರ್ಶಕರೂ ಹೊಗಳಿದ್ದಾರೆ. ಆದರೂ ಒಳ್ಳೆಯ ಕ್ರೈಂ ಸರಣಿಗಳ ಮಾತು ಬಂದಾಗ ಅದರ ಹೆಸರು ಅಷ್ಟಾಗಿ ಕೇಳಿಸುವುದಿಲ್ಲ. ನಾಲ್ಕು ಕಂತು ನೋಡಿ ನಾನೂ ನಿಲ್ಲಿಸಿದೆ. ಹೊಗಳಿಕೆ ಜಾಸ್ತಿಯಾಯಿತಾ, ಇಲ್ಲ ನನ್ನ ಕಣ್ಣಿಗೆ ಏನಾದರೂ ತಪ್ಪಿಹೋಯಿತಾ?

ನಾಲ್ಕೇ ಕಂತಿಗೆ ನಿಲ್ಲಿಸಿದ್ದೀರಿ ಅಂದರೆ ರಿಚರ್ಡ್ ಹ್ಯಾರೋ ಅನ್ನುವ ಪಾತ್ರ ಇನ್ನೂ ಬಂದೇ ಇಲ್ಲ. ಹಾಗಾಗಿ ಹೌದು, ತಪ್ಪಿಹೋಗಿದೆ. ಆದರೆ ತಪ್ಪು ನಿಮ್ಮದಲ್ಲ. ಎಷ್ಟೋ ವಿಮರ್ಶಕರಿಗೂ ಮೊದಲು ಹೀಗೇ ಅನಿಸಿತ್ತು. ಮುಂದೆ ಕಥೆಯ ದೊಡ್ಡ ತಿರುವುಗಳನ್ನು ಹೇಳಲೇಬೇಕಾಗಿದೆ. ಗೊತ್ತಾಗುವುದು ಬೇಡ ಅಂದರೆ ಕೊನೆಯ ಪ್ಯಾರಾಕ್ಕೆ ಹೋಗಿಬಿಡಿ.

ಈ ಸರಣಿ ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ ಶುರುವಾದದ್ದು 2010ರ ಸೆಪ್ಟೆಂಬರ್ 19ಕ್ಕೆ. ಮೊದಲ ಕಂತನ್ನು ನಿರ್ದೇಶಿಸಿದವರು ಮಾರ್ಟಿನ್ ಸ್ಕಾರ್ಸೇಸಿ. ಆ ಒಂದು ಕಂತಿಗೇ ಸುಮಾರು 1.8 ಕೋಟಿ ಡಾಲರ್ ಖರ್ಚಾಯಿತು ಅಂತ ಆಗ ಸುದ್ದಿಯಾಗಿತ್ತು. ಕಥೆ 1920ರ ಅಟ್ಲಾಂಟಿಕ್ ಸಿಟಿಯದು. ಅಮೆರಿಕದಲ್ಲಿ ಮದ್ಯನಿಷೇಧ ಜಾರಿಗೆ ಬರುತ್ತದೆ, ಊರಿನ ಖಜಾಂಚಿ ನಕಿ ಥಾಂಪ್ಸನ್ ಕಳ್ಳಸಾಗಣೆಯ ದೊರೆಯಾಗುತ್ತಾನೆ. ಬೋರ್ಡ್‌ವಾಕ್ ಅಂದರೆ ಅಲ್ಲಿನ ಸಮುದ್ರದಂಡೆಯ ಮರದ ಹಲಗೆಯ ಹಾದಿ; ಅದರ ಸೆಟ್ಟನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹಾಕಿದ್ದರು. ಮೊದಲ ವಿಮರ್ಶೆಗಳಲ್ಲಿ ಹೊಗಳಿಕೆಯ ಮಳೆಯೇ ಸುರಿಯಿತು. ಮರು ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಕೂಡ ಬಂತು, ಸರಣಿಗೂ, ನಾಯಕ ಸ್ಟೀವ್ ಬುಶೆಮಿಗೂ.

ಆ ಹೊಗಳಿಕೆಯ ಜೊತೆಗೇ ಒಂದು ಗೊಣಗಾಟವೂ ಶುರುವಾಯಿತು. ನೋಡಲು ಚೆಂದ, ಆದರೆ ಮನಸ್ಸಿಗೆ ತಾಗುವುದಿಲ್ಲ ಅಂತ. ಇದಕ್ಕೆ ಒಂದು ಕಾರಣ ಹೋಲಿಕೆ. ಸರಣಿಯನ್ನು ಕಟ್ಟಿದ ಟೆರೆನ್ಸ್ ವಿಂಟರ್ ಮೊದಲು ‘ದಿ ಸೊಪ್ರಾನೋಸ್’ಗೆ ಬರೆಯುತ್ತಿದ್ದವರು. ಅಲ್ಲಿನ ನಾಯಕ, ಮಾಫಿಯಾ ದೊರೆ ಟೋನಿ, ಮನೋವೈದ್ಯೆಯ ಮುಂದೆ ಕೂತು ಒಳಗಿನದ್ದನ್ನೆಲ್ಲ ಕಕ್ಕುತ್ತಾನೆ. ನಕಿ ಬಾಯಿ ಬಿಡುವವನೇ ಅಲ್ಲ. ಅವನನ್ನು ನೋಡಿದ ಕೂಡಲೇ ಹಚ್ಚಿಕೊಳ್ಳುವುದು ಕಷ್ಟ.

ಅದಕ್ಕಿಂತ ದೊಡ್ಡ ಕಾರಣ ಕಥೆ ಹೇಳುವ ರೀತಿ. ಮೊದಲ ಕಂತಿನ ಒಂದು ದೃಶ್ಯ ಜ್ಞಾಪಿಸಿಕೊಳ್ಳಿ. ಮರದ ಹಾದಿಯಲ್ಲಿ ನಡೆಯುತ್ತಾ ನಕಿ ಒಂದು ಕಿಟಕಿಯ ಮುಂದೆ ನಿಲ್ಲುತ್ತಾನೆ. ಗಾಜಿನಾಚೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು, ಇನ್‌ಕ್ಯುಬೇಟರ್‌ಗಳಲ್ಲಿ. ಆ ಕಾಲದಲ್ಲಿ ನಿಜವಾಗಿಯೂ ಇಂಥ ಪ್ರದರ್ಶನಗಳಿದ್ದವು. ಜನ ದುಡ್ಡು ಕೊಟ್ಟು ನೋಡುತ್ತಿದ್ದರು, ಆ ದುಡ್ಡಿನಲ್ಲೇ ಮಕ್ಕಳ ಆರೈಕೆ ನಡೆಯುತ್ತಿತ್ತು. ನಕಿ ಸುಮ್ನೆ ನೋಡುತ್ತಾ ನಿಲ್ಲುತ್ತಾನೆ. ಒಂದು ಮಾತೂ ಇಲ್ಲ. ಹಳೇ ಕಾಲದ ಒಂದು ವಿಚಿತ್ರವನ್ನು ತೋರಿಸಿದರು ಅಂದುಕೊಂಡು ನಾವು ಮುಂದೆ ಹೋಗುತ್ತೇವೆ. ಹನ್ನೆರಡನೇ ಕಂತಿನಲ್ಲಿ ಅವನು ತನ್ನ ಸತ್ತ ಕೂಸಿನ ಬಗ್ಗೆ, ಆ ದುಃಖದಲ್ಲೇ ಜೀವ ಕಳೆದುಕೊಂಡ ಹೆಂಡತಿಯ ಬಗ್ಗೆ ಸಂಗಾತಿ ಮಾರ್ಗರೆಟ್‌ಗೆ ಹೇಳುತ್ತಾನೆ. ಆಗ ಆ ಕಿಟಕಿ ನೆನಪಾಗಿ ಎದೆ ಭಾರವಾಗುತ್ತದೆ.

ಸರಣಿಯ ಸ್ವಭಾವವೇ ಇದು. ಮೊದಲ ನಾಲ್ಕು ಸೀಸನ್‌ಗಳಲ್ಲಿ ತಲಾ ಹನ್ನೆರಡು ಕಂತು. ಎಂಟು ಕಂತಿನವರೆಗೆ ಒಂದೊಂದೇ ಕಲ್ಲು ಜೋಡಿಸುತ್ತಾರೆ, ಕೊನೆಯ ಮೂರ್ನಾಲ್ಕರಲ್ಲಿ ಎಲ್ಲ ಒಟ್ಟಿಗೆ ಕುಸಿಯುತ್ತದೆ. ಆದರೆ ಸೀಸನ್ ಶುರುವಾಗುವ ಮುಂಚೆ ವಿಮರ್ಶಕರ ಕೈಗೆ ಸಿಗುವುದು ಮೊದಲ ಕೆಲವು ಕಂತು ಮಾತ್ರ. ಆಮೇಲೆ ವಾರಕ್ಕೊಂದು ಕಂತಿನ ವಿಮರ್ಶೆ. ನಿಧಾನ, ಪಾತ್ರಗಳು ಜಾಸ್ತಿ ಅನ್ನುವ ಮಾತು ಪ್ರತಿ ವರ್ಷ ಬರುತ್ತಿತ್ತು. ಸೀಸನ್ ಮುಗಿಯುವ ಹೊತ್ತಿಗೆ ಅದೇ ವಿಮರ್ಶಕರಲ್ಲಿ ಹಲವರು ಮನಸಾರೆ ಮೆಚ್ಚುತ್ತಿದ್ದರು. ಆದರೆ ಜನರ ತಲೆಯಲ್ಲಿ ಉಳಿಯುವುದು ಮೊದಲು ಕೇಳಿದ ಮಾತೇ ಅಲ್ವಾ?

ಪ್ರಶಸ್ತಿಗಳ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಆ 20ರಲ್ಲಿ ಬಹುಪಾಲು ಛಾಯಾಗ್ರಹಣ, ಕಲಾ ನಿರ್ದೇಶನ, ಶಬ್ದ, ಮೇಕಪ್, ವಿಶುವಲ್ ಎಫೆಕ್ಟ್ಸ್ ಇಂಥವಕ್ಕೆ ಬಂದದ್ದು. ನಿರ್ದೇಶನಕ್ಕೆ ಸ್ಕಾರ್ಸೇಸಿಗೂ ಟಿಮ್ ವ್ಯಾನ್ ಪ್ಯಾಟನ್‌ಗೂ ಬಂತು. ನಟನೆಗೆ ಸಿಕ್ಕಿದ್ದು ಒಂದೇ ಒಂದು, 2013ರಲ್ಲಿ ಬಾಬಿ ಕನ್ನವಾಲೆಗೆ. ಅತ್ಯುತ್ತಮ ನಾಟಕ ಸರಣಿಯ ಎಮ್ಮಿ ಸಿಗಲೇ ಇಲ್ಲ. 2011ರಲ್ಲಿ ಅದು ‘ಮ್ಯಾಡ್ ಮೆನ್’ಗೆ ಹೋಯಿತು, 2012ರಲ್ಲಿ ‘ಹೋಮ್‌ಲ್ಯಾಂಡ್’ಗೆ. ಅದೇ ಎಚ್‌ಬಿಒದಲ್ಲಿ 2011ರ ಏಪ್ರಿಲ್‌ನಿಂದ ‘ಗೇಮ್ ಆಫ್ ಥ್ರೋನ್ಸ್’ ಶುರುವಾಯಿತು. ಮಾತೆಲ್ಲ ಆ ಕಡೆ ತಿರುಗಿತು.

ಎರಡನೇ ಸೀಸನ್ನಿನ ಕೊನೆಯಲ್ಲಿ ನಕಿ ಸಾಕುಮಗನಂತಿದ್ದ ಜಿಮ್ಮಿಯನ್ನು ಸುರಿಯುವ ಮಳೆಯಲ್ಲಿ ತಾನೇ ಗುಂಡಿಟ್ಟು ಕೊಲ್ಲುತ್ತಾನೆ. ಇದರ ಬಗ್ಗೆ ಅಭಿಪ್ರಾಯ ಎರಡಾಯಿತು. ಇಷ್ಟು ಒಳ್ಳೆಯ ಪಾತ್ರವನ್ನು ಕಳೆದುಕೊಂಡರಲ್ಲ ಅಂತ ಕೆಲವರು, ಈಗ ನೋಡಿ ಧೈರ್ಯ ಅಂತ ಕೆಲವರು. ನಾನು ಎರಡನೆಯವರ ಕಡೆ. ಸರಣಿಯಲ್ಲಿ ಬರುವ ಗ್ಯಾಂಗ್‌ಸ್ಟರ್‌ಗಳಾದ ಅಲ್ ಕಪೋನ್, ಲಕಿ ಲುಚಾನೊ ಇವರೆಲ್ಲ ನಿಜವಾಗಿ ಬದುಕಿದ್ದವರು. ಅವರು ಯಾವಾಗ ಸಾಯುತ್ತಾರೆ ಅನ್ನೋದು ಚರಿತ್ರೆಯಲ್ಲೇ ಇದೆ, ಅವರಿಗಾಗಿ ನಾವು ಉಸಿರು ಬಿಗಿಹಿಡಿಯುವುದಿಲ್ಲ. ಭಯ ಹುಟ್ಟಬೇಕಾದರೆ ಕಲ್ಪನೆಯ ಪಾತ್ರವೇ ಬಲಿಯಾಗಬೇಕು. ನಕಿಯ ಮನೆತನದ ಹೆಸರನ್ನು ಬದಲಿಸಿದ್ದೂ ಇಂಥ ಸ್ವಾತಂತ್ರ್ಯಕ್ಕಾಗಿಯೇ. ಪಾತ್ರಕ್ಕೆ ಮೂಲವಾದ ನಿಜವಾದ ನಕಿ ಜಾನ್ಸನ್ ತೆರಿಗೆ ವಂಚನೆಗೆ 1941ರಲ್ಲಿ ಶಿಕ್ಷೆಗೊಳಗಾದ, ಸತ್ತದ್ದು 1968ರಲ್ಲಿ. ಸರಣಿಯ ನಕಿ 1931ರಲ್ಲೇ ಗುಂಡೇಟಿಗೆ ಬೀಳುತ್ತಾನೆ.

ಐದನೇ ಸೀಸನ್ ಬಗ್ಗೆ ವಿಮರ್ಶಕರ ದೂರು ಸರಿಯೇ ಇತ್ತು. ಕಥೆ 1924ರಿಂದ ಒಮ್ಮೆಗೇ 1931ಕ್ಕೆ ಹಾರಿತು. ಇದ್ದದ್ದು ಎಂಟೇ ಕಂತು, ಅದರಲ್ಲೂ ನಕಿಯ ಬಾಲ್ಯಕ್ಕೆ ಸಾಕಷ್ಟು ಜಾಗ. ಉಳಿದವರ ಕಥೆಗಳನ್ನು ಅವಸರದಲ್ಲಿ ಮುಗಿಸಿದರು.

ಇನ್ನು ಹ್ಯಾರೋ. ಮೊದಲ ಮಹಾಯುದ್ಧದಲ್ಲಿ ಅರ್ಧ ಮುಖ ಕಳೆದುಕೊಂಡ, ಗುರಿಯಿಟ್ಟು ಹೊಡೆಯುವ ಸೈನಿಕ. ಕನ್ನಡಕಕ್ಕೆ ಜೋಡಿಸಿದ ತಗಡಿನ ಮುಖವಾಡ ಹಾಕಿಕೊಳ್ಳುತ್ತಾನೆ. ಜ್ಯಾಕ್ ಹ್ಯೂಸ್ಟನ್‌ಗೆ ನಟಿಸಲು ಸಿಕ್ಕಿದ್ದು ಅರ್ಧ ಮುಖ, ಗಂಟಲಲ್ಲಿ ಸಿಕ್ಕಿಹಾಕಿಕೊಂಡಂಥ ಒಂದು ದನಿ, ಅಷ್ಟೇ. ಪತ್ರಿಕೆಗಳಲ್ಲಿ ಬರುವ ಸುಖೀ ಸಂಸಾರದ ಚಿತ್ರಗಳನ್ನು ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಟ್ಟುಕೊಳ್ಳುತ್ತಾನೆ. ಎರಡನೇ ಸೀಸನ್ನಿನ ಐದನೇ ಕಂತಿನಲ್ಲಿ ಅವನು ಸಾಯಬೇಕೆಂದು ಕಾಡಿಗೆ ಹೋಗುತ್ತಾನೆ. ಮುಖವಾಡ ತೆಗೆದು ಪಕ್ಕಕ್ಕಿಡುತ್ತಾನೆ, ಬಂದೂಕನ್ನು ಬಾಯಿಗಿಡುತ್ತಾನೆ. ಆಗ ಎಲ್ಲಿಂದಲೋ ಬಂದ ನಾಯಿ ಆ ಮುಖವಾಡವನ್ನು ಕಚ್ಚಿಕೊಂಡು ಓಡುತ್ತದೆ. ಸಾಯಲು ಹೊರಟವನು ಎದ್ದು ನಾಯಿಯ ಹಿಂದೆ ಹೋಗುತ್ತಾನೆ. ಮನಸ್ಸಿಗೆ ತಾಗುವುದಿಲ್ಲ ಅನ್ನುವ ಮಾತನ್ನು ಈ ದೃಶ್ಯ ನೋಡಿದ ಮೇಲೆ ನನಗೆ ಒಪ್ಪಲು ಆಗಲೇ ಇಲ್ಲ. ಈ ಸರಣಿಯ ಹೃದಯ ನಡುವಿನಲ್ಲಿಲ್ಲ, ಬದಿಯಲ್ಲಿದೆ. ನಾಯಕನಲ್ಲೇ ಅದನ್ನು ಹುಡುಕಿದವರಿಗೆ ಸಿಗಲಿಲ್ಲ.

ನೀವು ಮೊದಲಿಂದ ಮತ್ತೆ ನೋಡಬೇಕಾಗಿಲ್ಲ. ನಿಲ್ಲಿಸಿದಲ್ಲಿಂದಲೇ ಹಿಡಿಯಿರಿ. ಐದು, ಆರು ಕಂತುಗಳು ನಿಧಾನವೇ, ಅದನ್ನು ಮುಚ್ಚಿಡುವುದಿಲ್ಲ. ಏಳನೇ ಕಂತಿನಲ್ಲಿ ಷಿಕಾಗೋದ ಆಸ್ಪತ್ರೆಯೊಂದರಲ್ಲಿ ಜಿಮ್ಮಿಯ ಪಕ್ಕದಲ್ಲಿ ಮುಖವಾಡದವನೊಬ್ಬ ಕೂತಿರುತ್ತಾನೆ. ಅವನು ಕಾದಂಬರಿ ಓದುವುದನ್ನು ಯಾಕೆ ಬಿಟ್ಟ ಅಂತ ಹೇಳುವವರೆಗೆ ನೋಡಿ. ಅಲ್ಲಿಗೂ ಹಿಡಿಸಲಿಲ್ಲ ಅಂದರೆ ಧಾರಾಳವಾಗಿ ಬಿಟ್ಟುಬಿಡಿ.