ಐದು ಸೆಕೆಂಡಿನ ಆಟಕ್ಕೆ ಎಂಥ ತಾಲೀಮು?

ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಒಂದು ‘ಪ್ಲೇ’, ಅಂದರೆ ಒಂದು ಸುತ್ತಿನ ಸೆಣಸಾಟ, ಸಾಮಾನ್ಯವಾಗಿ ಐದಾರು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅದಾದ ಮೇಲೆ ಅರ್ಧ ನಿಮಿಷದಷ್ಟು ಬಿಡುವು, ಮತ್ತೆ ಅದೇ ಸೆಣಸಾಟ. ಎದುರಾಳಿಯ ದಾಳಿ ತಡೆಯುವ ಹನ್ನೊಂದು ಮಂದಿ ರಕ್ಷಕರ ತಾಲೀಮು ಹೇಗಿರಬೇಕೆಂಬುದನ್ನು ನಿರ್ಧರಿಸಬೇಕಾದದ್ದು ಈ ಲೆಕ್ಕಾಚಾರ.

ಪೂರ್ಣಬಲದ ಚಲನೆಯ ಮೊದಲ ಕೆಲವು ಸೆಕೆಂಡುಗಳಿಗೆ ಬೇಕಾದ ಶಕ್ತಿಯ ಬಹುಪಾಲು, ಸ್ನಾಯುವಿನಲ್ಲಿ ಮೊದಲೇ ಸಿದ್ಧವಿರುವ ಎಟಿಪಿ ಎಂಬ ಶಕ್ತಿಕಣದಿಂದಲೂ ಅದನ್ನು ತಕ್ಷಣ ಮರುಪೂರಣ ಮಾಡುವ ಫಾಸ್ಫೋಕ್ರಿಯಾಟಿನ್ ಎಂಬ ರಾಸಾಯನಿಕದಿಂದಲೂ ದೊರೆಯುತ್ತದೆ. ಖಾಲಿಯಾದ ಫಾಸ್ಫೋಕ್ರಿಯಾಟಿನ್ ಅರ್ಧ ನಿಮಿಷದಲ್ಲಿ ಸುಮಾರು ಅರ್ಧದಷ್ಟು ಮಾತ್ರ ತುಂಬಿಕೊಳ್ಳುತ್ತದೆ. ಪೂರ್ತಿ ತುಂಬಲು ಕೆಲವು ನಿಮಿಷಗಳೇ ಬೇಕು. ಈ ಮರುಪೂರಣಕ್ಕೆ ಆಮ್ಲಜನಕ ಅಗತ್ಯವಾದ್ದರಿಂದ ಉಸಿರಿನ ದಮ್ಮೂ ಬೇಕು, ಆದರೆ ಮ್ಯಾರಥಾನ್ ಓಟಗಾರನ ದಮ್ಮಲ್ಲ.

ಬಲದ ವಿಷಯವೂ ಹೀಗೆಯೇ. ಸ್ನಾಯು ತನ್ನ ಗರಿಷ್ಠ ಬಲ ಮುಟ್ಟಲು 0.3 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ; ವೇಗದ ಓಟದಲ್ಲಾದರೋ ಪಾದ ನೆಲವನ್ನು ತಾಗಿರುವುದು ಸುಮಾರು 0.1 ಸೆಕೆಂಡ್ ಮಾತ್ರ. ಆದ್ದರಿಂದ ಎಷ್ಟು ಭಾರ ಎತ್ತಬಲ್ಲ ಎಂಬುದಕ್ಕಿಂತ, ಇರುವ ಬಲವನ್ನು ಎಷ್ಟು ಬೇಗ ಹೊರಹಾಕಬಲ್ಲ ಎಂಬುದು ಮುಖ್ಯವಾಗುತ್ತದೆ. ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್ ಬಲದ ತಳಹದಿ ಹಾಕಿದರೆ, ನೆಲದ ಭಾರವನ್ನು ಒಂದೇ ಸೆಳೆತಕ್ಕೆ ಹೆಗಲಿಗೇರಿಸುವ ಪವರ್ ಕ್ಲೀನ್ ಮತ್ತು ಜಿಗಿತದ ವ್ಯಾಯಾಮಗಳು ಆ ಬಲಕ್ಕೆ ವೇಗ ಕೂಡಿಸುತ್ತವೆ. ಮುಂಚೂಣಿಯಲ್ಲಿ ಮೈಗೆ ಮೈಯೊಡ್ಡುವ 130 ಕಿಲೋದ ಡಿಫೆನ್ಸಿವ್ ಲೈನ್‌ಮನ್‌ಗೂ ಅಂಚಿನಲ್ಲಿ ಚೆಂಡು ಹಿಡಿಯಲು ಓಡುವವರ ಬೆನ್ನಟ್ಟುವ 85 ಕಿಲೋದ ಕಾರ್ನರ್‌ಬ್ಯಾಕ್‌ಗೂ ಒಂದೇ ವ್ಯಾಯಾಮದ ಪಟ್ಟಿ ಕೊಡುವುದಂತೂ ಅರ್ಥಹೀನ. ಜೊತೆಗೆ, ಯಾವಾಗ ಎತ್ತ ಓಡಬೇಕೆಂಬುದು ದಾಳಿಯ ತಂಡಕ್ಕೆ ಮೊದಲೇ ಗೊತ್ತಿರುತ್ತದೆ. ರಕ್ಷಕನದು ಕಬಡ್ಡಿಯಲ್ಲಿ ರೈಡರ್‌ನ ಕಾಲನ್ನೇ ನೋಡುತ್ತ ನಿಂತ ಆಟಗಾರನ ಪಾಡು. ಮೈದಾನದಲ್ಲಿಟ್ಟ ಕೋನ್‌ಗಳ ನಡುವೆ ಗೊತ್ತಾದ ದಾರಿಯಲ್ಲಿ ಓಡಿಸುವ ಅಭ್ಯಾಸ, ಕಂಡದ್ದಕ್ಕೆ ತಕ್ಕಂತೆ ದಿಕ್ಕು ಬದಲಿಸುವ ಈ ಚುರುಕನ್ನು ತಾನಾಗಿಯೇ ಕಲಿಸಲಾರದು.

ಹಿಂದೆ ಭಾರ ಎತ್ತಿದರೆ ಆಟಗಾರ ನಿಧಾನವಾಗುತ್ತಾನೆಂಬ ನಂಬಿಕೆ ಬಲವಾಗಿತ್ತು. 1969ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ತರಬೇತುದಾರ ಬಾಬ್ ಡಿವೇನಿ, ಬೆನ್ನುನೋವಿನಿಂದ ಆಟ ಬಿಟ್ಟಿದ್ದ ಪೋಲ್‌ವಾಲ್ಟ್ ಪಟು ಬಾಯ್ಡ್ ಎಪ್ಲಿಯನ್ನು ಬಲವರ್ಧನೆಯ ತರಬೇತಿಗೆ ನೇಮಿಸಿಕೊಂಡರು. ಯಾರೊಬ್ಬರ ವೇಗ ಕುಗ್ಗಿದರೂ ಕೆಲಸ ಹೋಯಿತೆಂದು ಎಚ್ಚರಿಸಿಯೂ ಇದ್ದರು. 1970, 1971ರಲ್ಲಿ ನೆಬ್ರಾಸ್ಕ ರಾಷ್ಟ್ರೀಯ ಚಾಂಪಿಯನ್ ಆಯಿತು. ಗೆಲುವಿಗೆ ಕಬ್ಬಿಣವೊಂದೇ ಕಾರಣವೆನ್ನಲಾಗದು, ಆದರೆ ಹಳೆಯ ಭಯ ಮಾಯವಾಯಿತು.

ಮಾಯವಾಗದೆ ಉಳಿದದ್ದು, ಸುಸ್ತಾಗಿಸಿದಷ್ಟೂ ಒಳ್ಳೆಯದೆಂಬ ಹಟ. 2006ರಲ್ಲಿ ಟೆಕ್ಸಾಸ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ 19 ವರ್ಷದ ಡಿಫೆನ್ಸಿವ್ ಬ್ಯಾಕ್ (ಹಿಂಬದಿಯ ರಕ್ಷಕ) ಒಬ್ಬ ನೂರು ಗಜದ ಓಟವನ್ನು ಹದಿನಾರು ಬಾರಿ ಓಡಿ ಕುಸಿದುಬಿದ್ದು, ಮರುದಿನ ತೀರಿಕೊಂಡ. ಪಂದ್ಯದಲ್ಲಿ ಯಾವ ರಕ್ಷಕನೂ ಹಾಗೆ ಓಡಬೇಕಾಗಿ ಬರುವುದಿಲ್ಲ. ಅವನಲ್ಲಿ ಕೆಂಪು ರಕ್ತಕಣಗಳ ಆಕಾರ ಕೆಡಿಸಬಲ್ಲ ಸಿಕಲ್ ಸೆಲ್ ವಂಶವಾಹಿಯ ಒಂದು ಪ್ರತಿ ಇತ್ತು; ಮೈಸೂರು, ಚಾಮರಾಜನಗರದ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲೂ ಇದು ಕಂಡುಬರುತ್ತದೆ. ಒಂದೇ ಪ್ರತಿಯಿರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಬಿಡುವಿಲ್ಲದ ತೀವ್ರ ಶ್ರಮದಲ್ಲಿ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟಿಕೊಂಡು, ಸ್ನಾಯುಗಳು ಸಾಯತೊಡಗಬಹುದು.

ಅವನ ಕುಟುಂಬ ಹೂಡಿದ ಮೊಕದ್ದಮೆಯ ಇತ್ಯರ್ಥದ ಬಳಿಕ, 2010ರಿಂದ ಅಮೆರಿಕದ ಕಾಲೇಜು ಕ್ರೀಡಾಮಂಡಳಿ ಎನ್‌ಸಿಎಎ ತನ್ನ ಅಗ್ರ ಶ್ರೇಣಿಯಾದ ಮೊದಲ ವಿಭಾಗದ ಆಟಗಾರರಿಗೆ ಈ ವಂಶವಾಹಿಯನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯನ್ನು ನಿಯಮವಾಗಿಸಿತು. ಆಗ ಬೇಡವೆನ್ನುವವರು ಸಹಿ ಹಾಕಿ ಹೊರಗುಳಿಯಬಹುದಿತ್ತು. ಪರೀಕ್ಷೆಯಲ್ಲಿ ವಾಹಕರೆಂದು ತಿಳಿದುಬಂದವರಿಗೆ ಓಟಗಳ ನಡುವೆ ಹೆಚ್ಚು ಬಿಡುವು, ಹಂತಹಂತವಾಗಿ ಏರುವ ಶ್ರಮ, ಮೈಗೆ ಆಗದೆಂದಾಗ ನಿಲ್ಲಿಸುವ ಸ್ವಾತಂತ್ರ್ಯ ಇರಬೇಕೆಂಬುದು ವೈದ್ಯರ ಸಲಹೆ. ಐದು ಸೆಕೆಂಡಿನ ಆಟ ಆಡುವ ಎಲ್ಲ ರಕ್ಷಕರಿಗೂ ಇದನ್ನೇ ಅನ್ವಯಿಸಿದರೆ ತಂಡ ಕಳೆದುಕೊಳ್ಳುವುದೇನೂ ಇಲ್ಲ.