ಕೆಪಾಸಿಟರ್ ಉಬ್ಬಿಲ್ಲ, ಮೀಟರೂ ಸರಿ ತೋರಿಸುತ್ತದೆ. ಆದರೂ ಕೆಟ್ಟಿರಬಹುದಾ?

ಪ್ರಶ್ನೆ: ನಮ್ಮ ಸೆಟ್‌ಟಾಪ್ ಬಾಕ್ಸ್ ಬೆಳಿಗ್ಗೆ ಆನ್ ಆಗುವುದಿಲ್ಲ. ಲೈಟ್ ಮಿಣುಕುತ್ತಾ ಇರುತ್ತದೆ ಅಷ್ಟೇ. ಪ್ಲಗ್ ಹಾಕಿ ಹತ್ತು ನಿಮಿಷ ಬಿಟ್ಟರೆ ತಾನಾಗಿಯೇ ಶುರುವಾಗುತ್ತದೆ. ಬಿಚ್ಚಿ ನೋಡಿದೆ, ಯಾವ ಕೆಪಾಸಿಟರೂ ಉಬ್ಬಿಲ್ಲ. ಮಲ್ಟಿಮೀಟರ್‌ನಲ್ಲೂ ಸರಿ ಇದೆ. ಐಸಿ (ಚಿಪ್) ಹೋಗಿದೆಯಾ?

ಉತ್ತರ: ಐಸಿಗೆ ಈಗಲೇ ಕೈ ಹಾಕಬೇಡಿ. ತಣ್ಣಗಿದ್ದಾಗ ಏಳುವುದಿಲ್ಲ, ಬೆಚ್ಚಗಾದರೆ ಏಳುತ್ತದೆ ಅಂದಿರಲ್ವಾ, ಅದು ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಚಾಳಿ.

ಕೆಪಾಸಿಟರ್ ಅಂದರೆ ಚಾರ್ಜ್ ಹಿಡಿದಿಡುವ ಪುಟ್ಟ ಡಬ್ಬಿ. ಅದರೊಳಗೆ ಅಲ್ಯೂಮಿನಿಯಂ ಹಾಳೆಗಳಿವೆ, ನಡುವೆ ದ್ರವದಲ್ಲಿ ನೆನೆದ ಕಾಗದ. ವರ್ಷಗಟ್ಟಲೆ ಶಾಖಕ್ಕೆ ಆ ದ್ರವ ಆರುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ರಿಪೇರಿಯವರು ಇಎಸ್‌ಆರ್ ಅನ್ನುವುದು ಇದನ್ನೇ. ಒಳಗೆ ಗ್ಯಾಸ್ ತುಂಬಿದರೆ ತಲೆ ಉಬ್ಬುತ್ತದೆ. ಸುಮ್ನೆ ಒಣಗಿದ್ದು ಹೊಸದರ ಹಾಗೇ ಕಾಣುತ್ತದೆ.

ಮಲ್ಟಿಮೀಟರ್ ನಿಧಾನವಾಗಿ ಚಾರ್ಜ್ ಮಾಡಿ ಅಳೆಯುತ್ತದೆ. ಬಾಕ್ಸಿನ ಪವರ್ ಸಪ್ಲೈ ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಆಗುತ್ತದೆ. ಆ ವೇಗದಲ್ಲಿ ಎರಡು ಮೂರು ಓಮ್ ಅಡ್ಡ ನಿಂತರೆ 1000 ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಇದ್ದೂ ಇಲ್ಲದ ಹಾಗೆ. ಇಎಸ್‌ಆರ್ ಮೀಟರ್ ಇದ್ದರೆ ಒಂದೇ ನಿಮಿಷದ ಕೆಲಸ.

ಇಲ್ಲದಿದ್ದರೆ ಹೇರ್ ಡ್ರೈಯರ್ ಸಾಕು! ಮೊದಲು ಪ್ಲಗ್ ತೆಗೆಯಿರಿ. ಕರೆಂಟ್ ಒಳಬರುವ ಕಡೆಯ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಶೂರತನ ಬೇಡ. 10 ಕಿಲೋಓಮ್, 5 ವಾಟ್ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಪ್ರೋಬ್‌ಗಳಲ್ಲಿ ಅದರ ಎರಡು ಕಾಲುಗಳ ನಡುವೆ ಹತ್ತು ಸೆಕೆಂಡ್ ಹಿಡಿದು, ವೋಲ್ಟ್ ಇಳಿದಿದೆಯಾ ಅಂತ ಮೀಟರ್‌ನಲ್ಲಿ ನೋಡಿಕೊಳ್ಳಿ. ಆಮೇಲೆ ಅನುಮಾನವಿರುವ ಒಂದೇ ಕೆಪಾಸಿಟರಿಗೆ ಬಿಸಿ ಗಾಳಿ ಬಿಡಿ, ಕೈ ದೂರವಿಟ್ಟು ಪ್ಲಗ್ ಹಾಕಿ. ತಕ್ಷಣ ಎದ್ದರೆ ಕಳ್ಳ ಸಿಕ್ಕ ಹಾಗೆಯೇ.

ಎಲ್ಲರೂ ದೊಡ್ಡ ಕೆಪಾಸಿಟರನ್ನೇ ದೂರುತ್ತಾರೆ. ನಾನು ಮೊದಲು ನೋಡುವುದು ಪವರ್ ಐಸಿ ಪಕ್ಕದ ಪುಟಾಣಿಯನ್ನು. ಸಾಮಾನ್ಯವಾಗಿ 10 ಅಥವಾ 22 ಮೈಕ್ರೋಫ್ಯಾರಡ್, 50 ವೋಲ್ಟ್. ಐಸಿಯನ್ನು ಎಬ್ಬಿಸುವುದೇ ಅದು. ಆಮೇಲೆ 5 ಮತ್ತು 12 ವೋಲ್ಟ್ ಲೈನಿನವು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಕೊಳ್ಳುವಾಗ 105 ಡಿಗ್ರಿಯ ಲೋ ಇಎಸ್‌ಆರ್ ಅಂತ ಕೇಳಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಜಾಸ್ತಿಯಾದರೆ ಪರವಾಗಿಲ್ಲ, ಕಡಿಮೆಯಾಗಬಾರದು. ಮೈಮೇಲಿನ ಪಟ್ಟಿ ಮೈನಸ್ ಕಾಲು. ಹಳೆಯದನ್ನು ಕೀಳುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಉಲ್ಟಾ ಹಾಕಿದರೆ ಸಿಡಿಯುತ್ತದೆ.