ನಂಬರ್ ಕೊಟ್ಟವರಿಗೂ ಒಂದು ಮಾತು ಹೇಳಿ

ಫ್ರೀಲಾನ್ಸ್ ಮಾಡುವ ಹುಡುಗ ಹುಡುಗಿಯರು ರಿಟರ್ನ್ಸ್ ಹಾಕಿಸಲು ಬಂದಾಗ ಕೇಳುವುದು ಒಂದೇ: "ಮೇಡಂ, ನಿಮಗೆ ಅಷ್ಟು ಜನ ಗೊತ್ತಲ್ವಾ, ಯಾರಿಗಾದ್ರೂ ನನ್ನ ಬಗ್ಗೆ ಹೇಳಿ." ಖುಷಿಯಿಂದಲೇ ಹೇಳುತ್ತೇನೆ. ಆಡಿಟರ್‌ಗಳು ಬದುಕಿರುವುದೇ ಬಾಯಿಮಾತಿನ ಮೇಲೆ. ಜಾಹೀರಾತು ಕೊಟ್ಟು ಕ್ಲೈಂಟ್ ಹುಡುಕದಂತೆ ನಮಗೆ 1949ರ ಸಿಎ ಕಾಯ್ದೆಯೇ ಕಡಿವಾಣ ಹಾಕಿತ್ತು.

ನನ್ನ ತಕರಾರು ಇರುವುದು ಆಮೇಲೆ ನಡೆಯುವುದರ ಬಗ್ಗೆ.

ತುಮಕೂರು ಕಡೆ ಸಾಂಬಾರ್ ಪುಡಿ ಮಾಡುವವರೊಬ್ಬರಿಗೆ ಪ್ಯಾಕೆಟ್ ಲೇಬಲ್ ಬೇಕಿತ್ತು. ಚೆಂದ ಕಂಡರೆ ಸಾಲದು, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತೂಕ, ಎಂಆರ್‌ಪಿ, ಸಸ್ಯಾಹಾರದ ಹಸಿರು ಗುರುತು ಎಲ್ಲ ಸರಿಯಾಗಿ ಕೂರಬೇಕು. ಒಬ್ಬ ಡಿಸೈನರ್ ನಂಬರ್ ಕೊಟ್ಟೆ. ವಾರ ಕಳೆದು ಆ ಯಜಮಾನರೇ ಫೋನ್ ಮಾಡಿದರು. "ಮೇಡಂ, ನಿಮ್ಮ ಹುಡುಗ ಫೋನೇ ಎತ್ತಲ್ವಲ್ಲ." ನಿಮ್ಮ ಹುಡುಗ! ಅವನಿಗೆ ಕೈತುಂಬ ಕೆಲಸ ಇತ್ತಂತೆ. ಸಂತೋಷ. ಅದನ್ನು ಅವರಿಗೆ ಹೇಳಬಹುದಿತ್ತು, ನನಗೂ ಹೇಳಬಹುದಿತ್ತು.

ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅರ್ಥವಾಗುವುದಿಲ್ಲ. ನಾನು ನಿಮ್ಮ ನಂಬರ್ ಕೊಟ್ಟ ಕ್ಷಣದಿಂದ ಕ್ಲೈಂಟ್ ಲೆಕ್ಕದಲ್ಲಿ ನೀವು ನನ್ನ ಕಡೆಯವರು. ನೀವು ತಡ ಮಾಡಿದರೆ ನಾನು ತಡ ಮಾಡಿದ ಹಾಗೆ. ಕೆಲಸ ಒಪ್ಪಿದಿರಾ, ತಿಳಿಸಿ. ಆಗಲ್ವಾ, ಅದನ್ನೂ ತಿಳಿಸಿ. ರೇಟ್ ಕುದುರದೆ ಮುರಿದುಬಿತ್ತಾ, ಅದನ್ನಂತೂ ತಪ್ಪದೆ ತಿಳಿಸಿ, ಯಾಕೆಂದರೆ ತಿಂಗಳ 20ರ ಹೊತ್ತಿಗೆ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-3ಬಿ) ಹಾಕಿಸಲು ಅವರು ಹೇಗೂ ನನ್ನ ಮುಂದೆ ಬಂದು ಕೂರುತ್ತಾರೆ, ಆಗ ಏನೂ ಗೊತ್ತಿಲ್ಲದೆ ನಾನು ಬೆಪ್ಪಾಗಬಾರದು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಸಾಕು. ಒಳ್ಳೆಯ ಸುದ್ದಿ ಇದ್ದರೆ ಮಾತ್ರ ಹೇಳಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ.

ಅದೇ ಲೇಬಲ್ ಕೆಲಸಕ್ಕೆ ಆಮೇಲೆ ಕೇಳಿದ ಹುಡುಗಿ ಅವತ್ತು ಸಂಜೆಯೇ ಮೆಸೇಜ್ ಮಾಡಿದಳು: "ದಸರಾ ಮುಗಿಯೋವರೆಗೂ ನನಗೆ ಆಗಲ್ಲ ಮೇಡಂ. ನನ್ನ ಫ್ರೆಂಡ್ ಚೆನ್ನಾಗಿ ಮಾಡ್ತಾಳೆ, ಅವಳ ನಂಬರ್ ಕೊಡ್ಲಾ?" ಕೊಡುವ ಮುಂಚೆ ಕೇಳಿದಳು, ನೋಡಿ. ಆ ಕೆಲಸ ಅವಳಿಗೆ ಸಿಗಲಿಲ್ಲ. ಆದರೆ ಈಗ ಯಾರು ಲೇಬಲ್ ಅಂದರೂ ನನ್ನ ಬಾಯಿಗೆ ಮೊದಲು ಬರುವುದು ಅವಳ ಹೆಸರೇ.

ಇನ್ನು ಕಮಿಷನ್ ವಿಚಾರ. ಕೆಲಸ ಕೊಡಿಸಿದ್ದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ. ಬೇರೆಯವರ ಜೊತೆ ಅಂಥ ಮಾತುಕತೆ ಇದ್ದರೆ ಕ್ಲೈಂಟ್‌ಗೆ ಮೊದಲೇ ತಿಳಿಸಿ, ಬ್ಯಾಂಕ್ ಮೂಲಕವೇ ಕೊಡಿ. ಪಡೆದವರಿಗೆ ಅದು ಆದಾಯ, ರಿಟರ್ನ್ಸ್‌ನಲ್ಲಿ ತೋರಿಸಬೇಕು. ಕೊಟ್ಟವರು ಅದನ್ನು ಖರ್ಚಿಗೆ ಹಾಕಬಹುದಾ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ, ನಿಮ್ಮ ಆಡಿಟರ್ ಹತ್ತಿರ ಕೇಳಿ.